ತಂದೆ ಗಾಂಧಿ, ಮಗ ಹರಿಲಾಲ

ತಂದೆಮಕ್ಕಳ ವಿರಸವೆಂದರೆ ನಮಗೆ ಮೊದಲು ನೆನಪಾಗುವುದು ಹಿರಣ್ಯಕಶಿಪು ಮತ್ತು ಪ್ರಹ್ಲಾದರ ಕಥೆ. ಆ ಕಥೆಯಲ್ಲಿ ತೀರ್ಪು ಹೇಳುವುದು ಕಷ್ಟವಲ್ಲ. ತಂದೆ ದೈತ್ಯ, ಮಗ ಭಕ್ತ. ತಪ್ಪು ಯಾರದೆಂಬುದನ್ನು ಹರಿಕಥೆ ಕೇಳಲು ಬಂದ ಮಗುವೂ ಹೇಳಬಲ್ಲುದು. ಆದರೆ ಲೋಕದ ಮನೆಗಳಲ್ಲಿ ನಡೆಯುವ ವಿರಸ ಈ ಬಗೆಯದಲ್ಲ. ಅಲ್ಲಿ ತಂದೆ ದೈತ್ಯನಲ್ಲ, ಮಗನೂ ಪ್ರಹ್ಲಾದನಲ್ಲ. ಇಬ್ಬರ ಕಡೆಯೂ ಒಂದೊಂದು ನ್ಯಾಯವಿರುತ್ತದೆ; ಇಬ್ಬರ ಎದೆಯಲ್ಲೂ ಪ್ರೀತಿಯಿರುತ್ತದೆ; ಹಾಗಿದ್ದೂ ಒಂದು ದಿನ ಮಾತು ನಿಂತುಹೋಗುತ್ತದೆ. ಹೀಗೇಕಾಗುತ್ತದೆ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದಕ್ಕಾಗಿ ನಾನು ಒಂದು ಹೆಸರಾಂತ ಮನೆಯ ಇತಿಹಾಸವನ್ನು ಆರಿಸಿಕೊಂಡಿದ್ದೇನೆ. ಅದು ಗಾಂಧೀಜಿಯವರ ಮನೆ. ಚಂಪಾರಣ್, ದಂಡಿ, ಕ್ವಿಟ್ ಇಂಡಿಯಾ ಇವುಗಳನ್ನು ಕುರಿತು ನಾವು ಹೈಸ್ಕೂಲಿನಿಂದ ಬಿ.ಎ. ತರಗತಿಯವರೆಗೆ ಓದುತ್ತ ಬಂದಿದ್ದೇವೆ. ಅವರ ಹಿರಿಯ ಮಗ ಹರಿಲಾಲನ ವಿಷಯ ಮಾತ್ರ ನನ್ನ ಯಾವ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲೂ ಬರಲಿಲ್ಲ. ಮಹಾತ್ಮರನ್ನು ಪೀಠದಿಂದ ಕೆಳಗಿಳಿಸಬೇಕೆಂಬ ಆಸೆ ನನಗಿಲ್ಲ. ಮಕ್ಕಳ ವಿದ್ಯಾಭ್ಯಾಸದ ವಿಷಯದಲ್ಲಿ ಅವರಿಗೆ ತಮ್ಮ ಮೇಲೆ ಅಸಮಾಧಾನವಿದೆಯೆಂಬುದನ್ನು ಗಾಂಧೀಜಿಯವರೇ ಆತ್ಮಕಥೆಯಲ್ಲಿ ಮರೆಮಾಚದೆ ಬರೆದಿದ್ದಾರೆ. ಅವರು ಮುಚ್ಚಿಡದುದನ್ನು ನಾವು ಮುಚ್ಚಿಡಬೇಕಾದ ಕಾರಣವಿಲ್ಲ.

೧. ದೂರದಲ್ಲಿ ಬೆಳೆದ ಮಗ

ಹರಿಲಾಲ ಹುಟ್ಟಿದುದು 1888ರಲ್ಲಿ. ಆಗ ಗಾಂಧೀಜಿಯವರಿಗೆ ಹತ್ತೊಂಬತ್ತು ವರ್ಷಗಳು ತುಂಬಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಅವರು ಬ್ಯಾರಿಸ್ಟರ್ ಪದವಿಗಾಗಿ ಲಂಡನ್ನಿಗೆ ಹೊರಟರು. ಮಗು ತೊಟ್ಟಿಲಲ್ಲಿತ್ತು. ಅವರು ಹಿಂದಿರುಗಿದುದು 1891ರಲ್ಲಿ. ಇಲ್ಲಿ ವಕೀಲಿ ಕೈಹತ್ತಲಿಲ್ಲವಾಗಿ 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದರು. ಹೆಂಡತಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದುದು 1896ರ ಕೊನೆಯಲ್ಲಿ. ಲೆಕ್ಕ ಹಾಕಿ ನೋಡಿದರೆ, ಹುಡುಗನಿಗೆ ಎಂಟು ವರ್ಷಗಳಾಗುವ ಹೊತ್ತಿಗೆ ತಂದೆಯೂ ಮಗನೂ ಒಂದೇ ಸೂರಿನ ಕೆಳಗೆ ಇದ್ದ ಕಾಲ ಎಲ್ಲ ಸೇರಿ ಎರಡು ವರ್ಷಗಳೂ ಆಗುವುದಿಲ್ಲ.

ಡರ್ಬನ್ನಿನಲ್ಲಿ ಶಾಲೆಯ ಪ್ರಶ್ನೆ ಎದ್ದಿತು. ಬಿಳಿಯರ ಮಕ್ಕಳ ಶಾಲೆಗೆ ಗಾಂಧೀಜಿಯವರ ಮಕ್ಕಳನ್ನು ಮಾತ್ರ ದಾಕ್ಷಿಣ್ಯಕ್ಕಾಗಿ ಸೇರಿಸಿಕೊಳ್ಳಬಹುದಾಗಿತ್ತು. ಉಳಿದ ಭಾರತೀಯರ ಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಎಲ್ಲರಿಗೂ ಇಲ್ಲದ ಸೌಲಭ್ಯ ತಮ್ಮ ಮಕ್ಕಳಿಗೆ ಬೇಡವೆಂದು ಅವರು ತೀರ್ಮಾನಿಸಿದರು. ತಿಂಗಳಿಗೆ ಏಳು ಪೌಂಡು ಸಂಬಳದ ಮೇಲೆ ಇಂಗ್ಲಿಷ್ ಉಪಾಧ್ಯಾಯಿನಿಯೊಬ್ಬಳನ್ನು ಮನೆಗೇ ಗೊತ್ತುಮಾಡಿದರು. ಗುಜರಾತಿಯನ್ನು ತಾವೇ ಹೇಳಿಕೊಡತೊಡಗಿದರು. ಆದರೆ ಸಾರ್ವಜನಿಕ ಕೆಲಸದ ನಡುವೆ ಪಾಠಕ್ಕೆ ಬಿಡುವು ಸಿಕ್ಕುತ್ತಿದ್ದುದು ಅಪರೂಪ. ಇದನ್ನೂ ಅವರೇ ಬರೆದಿದ್ದಾರೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಗಾಂಧೀಜಿಯವರು ಇಂಗ್ಲೆಂಡಿಗೆ ಹೋಗಿ ಓದಲು ಹಣ ಹೊಂದಿಸಿದವರು ಅವರ ಅಣ್ಣ ಲಕ್ಷ್ಮೀದಾಸರು. ಜಾತಿಯವರು ಬಹಿಷ್ಕಾರ ಹಾಕಿದರೂ ಆ ಅಣ್ಣ ಹಿಂಜರಿಯಲಿಲ್ಲ. ಹಾಗೆಂದರೆ ಆ ಮನೆಯಲ್ಲಿ ಓದೆಂಬುದು ಒಬ್ಬನಿಗಾಗಿ ಇನ್ನೊಬ್ಬನು ಭಾರ ಹೊತ್ತು ಸಂಪಾದಿಸಿದ ವಸ್ತುವಾಗಿತ್ತು. ತಂದೆ ಆ ಏಣಿಯನ್ನು ಹತ್ತಿ ಮೇಲೆ ಬಂದರು. ಮೇಲೆ ಬಂದ ಮೇಲೆ ಆ ಏಣಿಯೇ ಒಳ್ಳೆಯದಲ್ಲವೆಂದು ಅವರಿಗೆ ಮನದಟ್ಟಾಯಿತು. ಮಗ ಇನ್ನೂ ಕೆಳಗೆ ನಿಂತಿದ್ದ.

೨. ವಿದ್ಯಾರ್ಥಿವೇತನದ ಪ್ರಶ್ನೆ

1906ರಲ್ಲಿ ಹರಿಲಾಲನು ರಾಜಕೋಟೆಯ ಹರಿದಾಸ ವೋರಾ ಎಂಬವರ ಮಗಳು ಗುಲಾಬಳನ್ನು ಮದುವೆಯಾದನು. ಮಗ ಅಷ್ಟು ಚಿಕ್ಕ ವಯಸ್ಸಿನಲ್ಲಿ ಸಂಸಾರಸ್ಥನಾಗುವುದು ತಂದೆಗೆ ಒಪ್ಪಿಗೆಯಿರಲಿಲ್ಲ. ಸದ್ಯಕ್ಕೆ ತಾವು ಅವನನ್ನು ಮಗನೆಂದು ಎಣಿಸುವುದನ್ನು ಬಿಟ್ಟಿರುವುದಾಗಿ ಅವರು ಅಣ್ಣನಿಗೆ ಕಾಗದ ಬರೆದರು. ಆದರೂ ಕೋಪ ಬಹುಕಾಲ ನಿಲ್ಲಲಿಲ್ಲ. ಹರಿಲಾಲನು ದಕ್ಷಿಣ ಆಫ್ರಿಕಕ್ಕೆ ಹೋಗಿ ತಂದೆಯ ಜೊತೆಗೂಡಿದನು. 1908ರಿಂದ ಮುಂದೆ ಟ್ರಾನ್ಸ್‌ವಾಲಿನ ಸತ್ಯಾಗ್ರಹದಲ್ಲಿ ಮತ್ತೆ ಮತ್ತೆ ಸೆರೆಮನೆ ಸೇರಿದನು. ಅಲ್ಲಿಯ ಭಾರತೀಯರು ಅವನನ್ನು ‘ಛೋಟೇ ಗಾಂಧಿ’ ಎಂದು ಕರೆಯುತ್ತಿದ್ದರು. ತಾವು ವಕೀಲರಾದುದರಿಂದ ಬುಟ್ಟಿ ಹೊತ್ತು ಪರವಾನಗಿಯಿಲ್ಲದೆ ಬೀದಿ ವ್ಯಾಪಾರ ಮಾಡಿ ಕಾನೂನು ಮುರಿಯುವಂತಿಲ್ಲ, ಆ ಕೆಲಸಕ್ಕೆ ಮಗನನ್ನು ಕಳುಹಿಸಿದ್ದೇನೆ ಎಂದು ತಂದೆಯೇ ಪತ್ರಿಕೆಗೆ ತಿಳಿಸಿದರು. ಅದು ಅವರಿಬ್ಬರೂ ಅತ್ಯಂತ ಸಮೀಪವಿದ್ದ ಕಾಲ. ಈ ಕಾಲವನ್ನು ಮರೆತು ಹರಿಲಾಲನನ್ನು ಬರಿಯ ದಾರಿತಪ್ಪಿದ ಮಗನೆಂದು ಎಣಿಸುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಹರಿಲಾಲನ ಎದೆಯಲ್ಲಿ ಒಂದೇ ಆಸೆಯಿತ್ತು. ತಾನೂ ಇಂಗ್ಲೆಂಡಿಗೆ ಹೋಗಿ ತಂದೆಯಂತೆ ಬ್ಯಾರಿಸ್ಟರಾಗಬೇಕು. 1909ರಲ್ಲಿ ಗಾಂಧೀಜಿಯವರ ಆಪ್ತಮಿತ್ರರಾದ ಡಾಕ್ಟರ್ ಪ್ರಾಣಜೀವನ ಮೆಹತಾ ಅವರು ಗಾಂಧೀಜಿಯವರ ಒಬ್ಬ ಮಗನಿಗೆ ಅಲ್ಲಿ ಓದುವ ಖರ್ಚನ್ನು ಕೊಡಲು ಮುಂದೆ ಬಂದರು. ಗಾಂಧೀಜಿಯವರು ಆ ಅವಕಾಶವನ್ನು ಮಗನಿಗೆ ಕೊಡಲಿಲ್ಲ. ದಾಯಾದಿ ಅಣ್ಣನ ಮಗನೂ ಫೀನಿಕ್ಸ್ ಆಶ್ರಮದ ಕಾರ್ಯಕರ್ತನೂ ಆದ ಛಗನಲಾಲನನ್ನು ಆರಿಸಿದರು. ಛಗನಲಾಲನು ಆರೋಗ್ಯ ಕೆಟ್ಟು ಓದನ್ನು ಮುಗಿಸದೆ ಹಿಂದಿರುಗಿದಾಗ, ಎರಡನೆಯ ಅವಕಾಶ ಸೊರಾಬ್ಜಿ ಅಡಾಜಾನಿಯಾ ಎಂಬ ಪಾರ್ಸಿ ಸತ್ಯಾಗ್ರಹಿಗೆ ಹೋಯಿತು. ಹರಿಲಾಲನ ಸರದಿ ಬರಲೇ ಇಲ್ಲ.

1911ರ ಮೇ ತಿಂಗಳಲ್ಲಿ ಅವನು ಯಾರಿಗೂ ತಿಳಿಸದೆ ಮನೆ ಬಿಟ್ಟು ಹೊರಟನು. ಡೆಲಗೋವಾ ಕೊಲ್ಲಿಯ ಊರಿನಲ್ಲಿ ಪತ್ತೆಯಾಗಿ ಹಿಂದಿರುಗಿದನು. ತಂದೆಯೂ ಮಗನೂ ಕುಳಿತು ಮಾತನಾಡಿದರು. ಕೊನೆಗೆ, ಭಾರತಕ್ಕೆ ಹೋಗಿ ಓದುವೆನೆಂಬ ಮಗನ ನಿರ್ಧಾರಕ್ಕೆ ತಂದೆ ಅಡ್ಡಿ ಮಾಡಲಿಲ್ಲ. ರೈಲು ನಿಲ್ದಾಣದಲ್ಲಿ ಮಗನನ್ನು ಬೀಳ್ಕೊಡುವಾಗ, ತಂದೆ ತಪ್ಪು ಮಾಡಿದ್ದಾನೆಂದು ನಿನಗೆ ತೋರಿದರೆ ಕ್ಷಮಿಸು ಎಂಬ ಅರ್ಥದ ಮಾತನ್ನು ಗಾಂಧೀಜಿಯವರು ಆಡಿದರೆಂದು ಚರಿತ್ರಕಾರರು ಬರೆದಿದ್ದಾರೆ. ಇಪ್ಪತ್ತಮೂರು ವರ್ಷದ, ಹೆಂಡತಿ ಮಕ್ಕಳುಳ್ಳ ಹರಿಲಾಲನು ಅಹಮದಾಬಾದಿನ ಹೈಸ್ಕೂಲಿನಲ್ಲಿ ತನಗಿಂತ ಎಷ್ಟೋ ಕಿರಿಯರಾದ ಹುಡುಗರ ನಡುವೆ ಬೆಂಚಿನ ಮೇಲೆ ಕುಳಿತನು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಮೂರು ಸಲವೂ ತೇರ್ಗಡೆಯಾಗಲಿಲ್ಲ.

೩. ಎರಡು ನ್ಯಾಯಗಳು

ತಂದೆಯ ನ್ಯಾಯವನ್ನು ಮೊದಲು ನೋಡೋಣ. ಗಾಂಧೀಜಿಯವರ ಮಾತಿನ ಮೇಲೆ ಸಾವಿರಾರು ಜನ ಕೆಲಸ ಬಿಟ್ಟು, ಅಂಗಡಿ ಮುಚ್ಚಿ, ಸೆರೆಮನೆ ಸೇರಿದ್ದರು. ಅವರ ಮಕ್ಕಳೂ ಓದಬೇಕಾಗಿದ್ದ ಮಕ್ಕಳೇ. ಅಂಥ ಸಂದರ್ಭದಲ್ಲಿ ಮುಂದಾಳಾದವನು ಬಂದ ಮೊದಲ ಅವಕಾಶವನ್ನು ತನ್ನ ಮಗನಿಗೇ ಕೊಟ್ಟರೆ ಜನ ಏನೆಂದಾರು? ಇಂದು ನಮ್ಮ ಸುತ್ತಲೂ ಅಧಿಕಾರದಲ್ಲಿರುವವರು ಮಕ್ಕಳಿಗೆ, ಅಳಿಯಂದಿರಿಗೆ ದಾರಿ ಮಾಡಿಕೊಡುವುದನ್ನು ಕಾಣುವ ನಮಗೆ ಗಾಂಧೀಜಿಯವರ ಈ ನಿಷ್ಠುರತೆ ಅಪರೂಪದ್ದಾಗಿ ತೋರಬೇಕು. ಇದಲ್ಲದೆ ಅವರ ವಿಚಾರಗಳೂ ಆಗ ಬದಲಾಗಿದ್ದುವು. 1909ರ ನವೆಂಬರಿನಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂದಿರುಗುವಾಗ ಅವರು ‘ಹಿಂದ್ ಸ್ವರಾಜ್’ ಬರೆದರು. ಇಂಗ್ಲಿಷ್ ವಿದ್ಯೆ ಜನರನ್ನು ಗುಲಾಮರನ್ನಾಗಿ ಮಾಡಿದೆ, ವಕೀಲಿ ವೃತ್ತಿ ದೇಶಕ್ಕೆ ಹಾನಿಕರ ಎಂಬುದು ಆ ಪುಸ್ತಕದ ವಾದಗಳಲ್ಲೊಂದು. ಯಾವುದನ್ನು ವಿಷವೆಂದು ನಂಬಿದರೋ ಅದನ್ನು ಮಗನ ಬಟ್ಟಲಿಗೆ ಹೇಗೆ ಸುರಿಯುವುದು?

ಈಗ ಮಗನ ನ್ಯಾಯ. ಅವನು ಕೇಳಿದುದು ಅರಮನೆಯನ್ನಲ್ಲ, ಆಸ್ತಿಯನ್ನಲ್ಲ. ತಂದೆಗೆ ತಂದೆಯ ಅಣ್ಣ ಕೊಡಿಸಿದುದನ್ನು ತನಗೆ ತನ್ನ ತಂದೆ ಕೊಡಿಸಲಿ ಎಂದು ಕೇಳಿದನು. ತಂದೆಯ ಹೋರಾಟದಲ್ಲಿ ಸೆರೆಮನೆಯ ಅನ್ನ ಉಂಡವನಿಗೆ ಈ ಬೇಡಿಕೆ ಅತಿಯಾದುದೆಂದು ತೋರಲಿಲ್ಲ. ವಿದ್ಯಾರ್ಥಿವೇತನ ಒಬ್ಬ ಭಾರತೀಯನಿಗೆ ಹೋದುದು ಹೌದು. ಹಾಗಾದರೆ ಇಂಗ್ಲಿಷ್ ವಿದ್ಯೆ ವಿಷವೆಂಬ ಮಾತು ಛಗನಲಾಲನಿಗೂ ಸೊರಾಬ್ಜಿಗೂ ಏಕೆ ಅನ್ವಯಿಸಲಿಲ್ಲ? ಮಗನ ಈ ಪ್ರಶ್ನೆಗೆ, ಅವರು ಸೇವೆಗಾಗಿ ಓದುವವರು ಎಂಬುದೊಂದೇ ತಂದೆಯ ಕಡೆಯ ಉತ್ತರ. ಮಗನಾದವನಿಗೆ ಅದರ ಅರ್ಥ ಏನೆಂದು ಕೇಳಿಸಿರಬೇಕು? ನಿನ್ನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ ಎಂದೇ ಕೇಳಿಸಿರಬೇಕು.

1915ರಲ್ಲಿ ಹರಿಲಾಲನು ತಂದೆಗೆ ಒಂದು ದೀರ್ಘ ಪತ್ರ ಬರೆದು ಅದನ್ನು ಅಚ್ಚುಹಾಕಿಸಿದನು. ವಿದ್ಯಾರ್ಥಿವೇತನದ ಮಾತು ಅದರಲ್ಲಿ ಬರುತ್ತದೆ. ಆದರೆ ಪತ್ರದ ತಿರುಳು ಅದಲ್ಲವೆಂದು ನನ್ನ ಅಭಿಪ್ರಾಯ. ನಮಗೂ ಒಂದು ಮನಸ್ಸಿದೆಯೆಂದು ನೀವು ಎಣಿಸಲಿಲ್ಲ, ನಮ್ಮ ಮಾತಿಗೆ ಕಿವಿಗೊಡಲಿಲ್ಲ, ನಮ್ಮ ಬಾಳಿನ ವಿಷಯವನ್ನು ನಮ್ಮೊಡನೆ ಚರ್ಚಿಸಲಿಲ್ಲ ಎಂಬುದೇ ಅದರ ಮುಖ್ಯ ದೂರು. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತುವಿಗೆ ಪ್ರಶ್ನಿಸುವುದು, ಕಿವಿಗೊಡುವುದು ಎಂಬ ಎರಡು ಅರ್ಥಗಳಿವೆ. ಹರಿಲಾಲನ ದೂರು ಈ ಎರಡು ಅರ್ಥಗಳಲ್ಲೂ ಒಂದೇ: ನನ್ನನ್ನು ಕೇಳಲಿಲ್ಲ.

೪. ಅಂಗಳದ ಮಾತು ಪತ್ರಿಕೆಗೆ ಬಂದುದು

ಮುಂದಿನ ಕಥೆ ದುಃಖದ ಕಥೆ. 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಗುಲಾಬ್ ತೀರಿಕೊಂಡಳು; ಕಿರಿಯ ಮಗನೂ ಹೋದನು. ಉಳಿದ ಮಕ್ಕಳು ಅಜ್ಜಿ ಕಸ್ತೂರಬಾ ಅವರ ಮಡಿಲಲ್ಲಿ ಬೆಳೆದರು. ಹರಿಲಾಲನ ವ್ಯಾಪಾರಗಳು ಕೈಹಿಡಿಯಲಿಲ್ಲ. ಸಾಲ ಬೆಳೆಯಿತು, ಕುಡಿತ ಅಂಟಿಕೊಂಡಿತು. 1925ರಲ್ಲಿ, ಹರಿಲಾಲನ ಹೆಸರಿದ್ದ ಒಂದು ಕಂಪೆನಿಯಲ್ಲಿ ಹಣ ತೊಡಗಿಸಿದ್ದವರ ಕಡೆಯಿಂದ ಗಾಂಧೀಜಿಯವರಿಗೆ ದೂರಿನ ಪತ್ರ ಬಂದಿತು. ಅವರು ಅದನ್ನು ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲೇ ಪ್ರಕಟಿಸಿ ಉತ್ತರ ಕೊಟ್ಟರು. ಅವನು ತಮ್ಮ ಮಗನೆಂಬುದು ನಿಜ, ಆದರೆ ಅವನ ದಾರಿ ಬೇರೆ, ತಮ್ಮ ದಾರಿ ಬೇರೆ. ಒಬ್ಬನು ಒಳ್ಳೆಯವನಾದ ಮಾತ್ರಕ್ಕೆ ಅವನ ಮಕ್ಕಳೂ ಹಾಗೆಯೇ ಇರುವರೆಂದು ಜನ ನಂಬಬಾರದು ಎಂಬುದು ಆ ಉತ್ತರದ ಸಾರಾಂಶ.

ನಮ್ಮ ನಾಡಿಗೂ ಈ ಕಥೆಗೂ ಒಂದು ಸಂಬಂಧವುಂಟು. 1936ರ ಮೇ ತಿಂಗಳಲ್ಲಿ ಗಾಂಧೀಜಿಯವರು ವಿಶ್ರಾಂತಿಗಾಗಿ ನಂದಿಬೆಟ್ಟದಲ್ಲಿ ತಂಗಿದ್ದರು. ಅದೇ ತಿಂಗಳ 29ರಂದು ಮುಂಬಯಿಯ ಜುಮ್ಮಾ ಮಸೀದಿಯಲ್ಲಿ ಹರಿಲಾಲನು ಇಸ್ಲಾಂ ಧರ್ಮ ಸ್ವೀಕರಿಸಿದುದನ್ನು ಬಹಿರಂಗವಾಗಿ ಸಾರಿದನು. ಅಬ್ದುಲ್ಲಾ ಎಂಬ ಹೆಸರು ಪಡೆದನು. ತಂದೆಗೆ ಈ ಸುದ್ದಿ ಮುಟ್ಟಿದುದು ವೃತ್ತಪತ್ರಿಕೆಗಳಿಂದ. ಜೂನ್ 2ರಂದು ಬೆಂಗಳೂರಿನಿಂದ ಅವರು ಒಂದು ಹೇಳಿಕೆ ಕೊಟ್ಟರು. ಇಸ್ಲಾಂ ತಮ್ಮ ಧರ್ಮದಷ್ಟೇ ಸತ್ಯವಾದುದು. ಮಗ ಅಂತಃಕರಣಪೂರ್ವಕವಾಗಿ ಅದನ್ನು ಸ್ವೀಕರಿಸಿದ್ದರೆ ತಮ್ಮ ಆಕ್ಷೇಪವಿಲ್ಲ. ಆದರೆ ಕುಡಿತ ಮತ್ತು ಸಾಲಗಳ ನಡುವೆ ನಡೆದ ಈ ಬದಲಾವಣೆಯ ಹಿಂದೆ ಬೇರೆ ಉದ್ದೇಶಗಳಿವೆಯೆಂಬ ಶಂಕೆ ತಮಗಿದೆ ಎಂದು ಅವರು ತಿಳಿಸಿದರು. ಅದೇ ವರ್ಷ ಕಸ್ತೂರಬಾ ಅವರ ಹೆಸರಿನಲ್ಲೂ ಮಗನಿಗೆ ಬರೆದ ಬಹಿರಂಗ ಪತ್ರ ಪ್ರಕಟವಾಯಿತು. ವರ್ಷ ಕಳೆಯುವುದರೊಳಗೆ ಹರಿಲಾಲನು ಆರ್ಯಸಮಾಜದ ಮೂಲಕ ಹಿಂದೂ ಧರ್ಮಕ್ಕೆ ಹಿಂದಿರುಗಿದನು.

ಈ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದಾಗ ನನಗೆ ಹೊಳೆದ ಸಂಗತಿ ಇದು. 1915ರಲ್ಲಿ ಮಗನ ಮಾತು ಅಚ್ಚಾಯಿತು. 1925ರಲ್ಲಿ ತಂದೆಯ ಮಾತು ಅಚ್ಚಾಯಿತು. 1936ರಲ್ಲಿ ಮೂವರ ನೋವೂ ಪತ್ರಿಕೆಗಳ ಪಾಲಾಯಿತು. ಈ ನಡುವೆ ಖಾಸಗಿ ಪತ್ರಗಳು ಇರಲಿಲ್ಲವೆಂದಲ್ಲ. ತಂದೆ ಅನೇಕ ಕಾಗದಗಳನ್ನು ಬರೆದರು. ಅವುಗಳಲ್ಲಿ ವಾತ್ಸಲ್ಯವಿದೆ, ವಾತ್ಸಲ್ಯದ ಜೊತೆಜೊತೆಗೆ ಉಪದೇಶವೂ ಇದೆ. 1935ರಲ್ಲಿ ಮಗ ವಾರ್ಧಾಕ್ಕೆ ಬಂದು ಕೆಲಕಾಲ ತಂದೆಯ ಬಳಿಯಲ್ಲೇ ಇದ್ದುದೂ ಉಂಟು. ಆದರೆ ಜಗಲಿಯ ಮೇಲೆ ಕುಳಿತು ಆಡಬೇಕಾಗಿದ್ದ ಮಾತು ಒಮ್ಮೆ ಅಚ್ಚಿನ ಮೊಳೆಗೆ ಬಂದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಯಾರಿಂದಲೂ ಆಗಲಿಲ್ಲ. ಊರೆಲ್ಲ ಕೇಳುತ್ತಿರುವಾಗ ಸೋಲುವುದಕ್ಕೆ ಯಾರು ಒಪ್ಪುತ್ತಾರೆ? ತಂದೆಮಕ್ಕಳ ಜಗಳದಲ್ಲಿ ಯಾರಾದರೊಬ್ಬರು ಸೋಲದೆ ರಾಜಿಯಿಲ್ಲ.

ಕಸ್ತೂರಬಾ ಒಬ್ಬರೇ ಕೊನೆಯವರೆಗೂ ಸೇತುವೆಯಾಗಿ ಉಳಿದರು. ಕಟ್ನಿ ರೈಲು ನಿಲ್ದಾಣದ ಪ್ರಸಂಗವನ್ನು ಗಾಂಧಿಯವರ ಆಪ್ತವಲಯದವರು ದಾಖಲಿಸಿದ್ದಾರೆ. ಗಾಂಧೀಜಿಗೆ ಜಯಕಾರ ಹಾಕುತ್ತಿದ್ದ ಜನಸಂದಣಿಯಲ್ಲಿ ಒಂದು ದನಿ ಮಾತ್ರ ತಾಯಿ ಕಸ್ತೂರಬಾಗೆ ಜಯವೆಂದು ಕೂಗಿತು. ನೋಡಿದರೆ ಹರಕು ಬಟ್ಟೆಯ ಹರಿಲಾಲ. ಅವನು ಕಿಸೆಯಿಂದ ಒಂದು ಕಿತ್ತಳೆಹಣ್ಣು ತೆಗೆದು ತಾಯಿಗೆ ಕೊಟ್ಟನು. ಇದು ನಿನಗೆ ಮಾತ್ರ ಎಂದನು. ತಂದೆಯ ಕಡೆಗೆ ತಿರುಗಿ, ನಿಮ್ಮ ದೊಡ್ಡತನವೆಲ್ಲ ಇವಳಿಂದ ಬಂದುದೆಂದು ಹೇಳಿದನು. ತಮ್ಮ ಜೊತೆಗೆ ಬಾರೆಂದು ತಂದೆತಾಯಿಗಳು ಕರೆದರೂ ಅವನು ಬರಲಿಲ್ಲ; ರೈಲು ಹೊರಟಿತು. ಕಸ್ತೂರಬಾ ಅವರು 1944ರ ಫೆಬ್ರವರಿ 22ರಂದು ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿ ತೀರಿಕೊಂಡರು. 1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯಿತು. ಐದು ತಿಂಗಳೂ ತುಂಬುವ ಮೊದಲೇ, ಜೂನ್ 18ರಂದು, ಹರಿಲಾಲನು ಕ್ಷಯರೋಗದಿಂದ ಮುಂಬಯಿಯ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದನು.

೫. ನಮ್ಮಂಥವರ ಮನೆಗಳು

ಇಷ್ಟನ್ನೂ ನಾನು ಕುತೂಹಲಕ್ಕಾಗಿ ಮಾತ್ರ ಓದಲಿಲ್ಲ. ನಮ್ಮದು ಮೂರೂವರೆ ಎಕರೆ ಮಳೆಯಾಶ್ರಿತ ಹೊಲದ ಮನೆ. ಅಪ್ಪನಿಗೆ ರುಜು ಹಾಕುವಷ್ಟು ಅಕ್ಷರ ಬರುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನನಗಿಂತ ನಾಲ್ಕು ವರ್ಷ ಹಿರಿಯನಾದ ಅಣ್ಣ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದ ವರ್ಷವೇ ನಮ್ಮ ಕೊಳವೆಬಾವಿ ಬತ್ತಿತು. ಅದನ್ನು ಕೊರೆಸಿದ ಸಾಲ ಉಳಿಯಿತು. ಅಣ್ಣನಿಗೆ ಐ.ಟಿ.ಐ. ಸೇರಿ ಎಲೆಕ್ಟ್ರಿಕಲ್ ಕೆಲಸ ಕಲಿಯುವ ಆಸೆಯಿತ್ತು. ಅರ್ಜಿಯ ಫಾರಂ ತಂದು ಗೂಡಿನಲ್ಲಿ ಇಟ್ಟಿದ್ದ. ಅಪ್ಪ ಒಂದು ಬೆಳಿಗ್ಗೆ ಅವನ ಕೈಗೆ ನೇಗಿಲು ಕೊಟ್ಟರು. ಚಿಕ್ಕವನು ಓದಲಿ ಎಂಬುದು ತೀರ್ಮಾನವಾಗಿಹೋಯಿತು. ಅಣ್ಣ ಎರಡು ವರ್ಷ ಮರುಮಾತಿಲ್ಲದೆ ಉತ್ತನು. ಮೂರನೆಯ ವರ್ಷ ಬೆಂಗಳೂರಿಗೆ ಹೋದವನು ಹಬ್ಬಕ್ಕೂ ಹಿಂದಿರುಗಲಿಲ್ಲ. ಈಗ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತಾನೆ. ಅಮ್ಮನಿಗೆ ಫೋನು ಮಾಡುತ್ತಾನೆ, ನನ್ನ ಪರೀಕ್ಷೆಯ ಶುಲ್ಕಕ್ಕೆ ಹಣ ಕಳುಹಿಸುತ್ತಾನೆ. ಅಪ್ಪನ ದನಿ ಕೇಳಿದರೆ ಫೋನು ಇಡುತ್ತಾನೆ. ಅಪ್ಪನೂ ಅವನ ಹೆಸರೆತ್ತುವುದಿಲ್ಲ. ಮೂರು ವರ್ಷಗಳು ಕಳೆದುವು.

ಇಬ್ಬರೊಡನೆಯೂ ಮಾತು ಉಳಿದಿರುವವನು ನಾನು. ಈ ಲೇಖನಕ್ಕಾಗಿ ಓದತೊಡಗಿದ ಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಅಪ್ಪ ಹೇಳಿದರು: “ಇಬ್ರನ್ನೂ ಓದ್ಸೋಕೆ ನನ್ ಕೈಲಿ ಆಯ್ತಿರ್ಲಿಲ್ಲ ಕಣಪ್ಪ. ಅವ್ನು ಗಟ್ಟಿಗ, ಹೊಲ ಅವ್ನ ಕೈಲಿ ಉಳೀತದೆ ಅಂದ್ಕೊಂಡೆ.” ಅಣ್ಣ ಹೇಳಿದ: “ಓದ್ಸಲಿಲ್ಲ ಅಂತಲ್ಲ ಕಣೋ. ದುಡ್ಡಿರ್ಲಿಲ್ಲ ಅನ್ನೋದು ನಂಗೆ ಗೊತ್ತಿರ್ಲಿಲ್ವಾ? ಕೂರಿಸ್ಕೊಂಡು ಒಂದ್ ಮಾತು ಕೇಳಿದ್ರೆ ನಾನೇ ಫಾರಂ ಹರ್ದಾಕ್ತಿದ್ದೆ.”

ನಾನು ಹರಿಲಾಲನ 1915ರ ಪತ್ರವನ್ನು ಅರ್ಥಮಾಡಿಕೊಂಡುದು ಅಣ್ಣನ ಈ ಮಾತಿನಿಂದ. ಬ್ಯಾರಿಸ್ಟರ್ ತಂದೆಗೂ ರುಜು ಮಾತ್ರ ಬಲ್ಲ ತಂದೆಗೂ ಹೋಲಿಕೆಯೇ ಇಲ್ಲ. ಒಬ್ಬರು ತತ್ತ್ವಕ್ಕಾಗಿ ಕೊಡಲಿಲ್ಲ, ಇನ್ನೊಬ್ಬರು ಬಡತನಕ್ಕಾಗಿ ಕೊಡಲಿಲ್ಲ. ಆದರೆ ಮಗನ ಎದೆಗೆ ತಗುಲಿದ ಪೆಟ್ಟು ಒಂದೇ. ಅಪ್ಪನ ಮಾತಿನಲ್ಲಿ ‘ಅವನು ಗಟ್ಟಿಗ’ ಎಂಬ ಮೆಚ್ಚುಗೆ ಇತ್ತು. ಆ ಮೆಚ್ಚುಗೆ ಅಣ್ಣನ ಕಿವಿಗೆ ಬಿದ್ದೇ ಇರಲಿಲ್ಲ. ಹಂಚಿಕೆಯಲ್ಲಿ ಬಿಟ್ಟುಹೋದ ಮಗನಿಗೆ ತನ್ನನ್ನು ಏಕೆ ಬಿಡಲಾಯಿತೆಂಬುದನ್ನು ಯಾರೂ ಹೇಳದಿದ್ದರೆ, ಅವನು ತನಗೆ ಅತ್ಯಂತ ನೋವಾಗುವ ಕಾರಣವನ್ನೇ ಊಹಿಸಿಕೊಳ್ಳುತ್ತಾನೆ.

೬. ಈ ಅಧ್ಯಯನದಿಂದ ತಿಳಿಯುವುದು

ಮೊದಲನೆಯದಾಗಿ, ಬೆಳೆದ ಮಕ್ಕಳಿಗೆ ಸಂಬಂಧಿಸಿದ ತೀರ್ಮಾನ ಎಷ್ಟೇ ನ್ಯಾಯವಾದುದಾದರೂ ಅವರನ್ನು ಬಿಟ್ಟು ಮಾಡಿದರೆ ಅದು ನ್ಯಾಯವಾಗಿ ಕಾಣುವುದಿಲ್ಲ. ಗಾಂಧೀಜಿಯವರ ಮನೆಯಲ್ಲೇ ಇದಕ್ಕೆ ಇನ್ನೊಂದು ನಿದರ್ಶನವಿದೆ. ಅವರ ಕಿರಿಯ ಮಗ ದೇವದಾಸನೂ ರಾಜಾಜಿಯವರ ಮಗಳು ಲಕ್ಷ್ಮಿಯೂ ಮದುವೆಯಾಗಲು ಬಯಸಿದಾಗ ಇಬ್ಬರು ತಂದೆಯರೂ ಒಂದು ಷರತ್ತು ಹಾಕಿದರು: ಐದು ವರ್ಷ ಒಬ್ಬರನ್ನೊಬ್ಬರು ಬಿಟ್ಟು ಇರಬೇಕು, ಆಮೇಲೂ ಮನಸ್ಸು ಹಾಗೆಯೇ ಇದ್ದರೆ ಒಪ್ಪಿಗೆ. ಷರತ್ತು ಕಠಿಣವಾದುದೇ. ಆದರೆ ಅದಕ್ಕೆ ಒಂದು ಅವಧಿಯಿತ್ತು, ಕೊನೆಯ ಮಾತನ್ನು ಮಕ್ಕಳ ಮನಸ್ಸಿಗೆ ಬಿಡಲಾಗಿತ್ತು. ಅವರು ಕಾದರು. 1933ರಲ್ಲಿ ತಂದೆಯರ ಸಮ್ಮುಖದಲ್ಲೇ ಮದುವೆ ನಡೆಯಿತು. ಕಠಿಣವಾದ ಮಾತನ್ನು ಮಕ್ಕಳು ಸಹಿಸಬಲ್ಲರು. ತಮ್ಮ ಪಾಲು ಏನೂ ಇಲ್ಲದ ಮಾತನ್ನು ಸಹಿಸುವುದು ಕಷ್ಟ.

ಎರಡನೆಯದಾಗಿ, ಊರಿಗೆ ಸಲ್ಲಿಸುವ ನ್ಯಾಯಕ್ಕೂ ಮನೆಗೆ ಸಲ್ಲಿಸುವ ನ್ಯಾಯಕ್ಕೂ ಅಳತೆಗೋಲು ಬೇರೆ. ಸ್ವಂತ ಮಗನಿಗೆ ಪಕ್ಷಪಾತ ಮಾಡಬಾರದೆಂಬ ಹಟದಲ್ಲಿ ಅವನಿಗೆ ಪರಕೀಯನಿಗಿಂತ ಕಡಿಮೆ ಅಳೆದುಕೊಡುವ ಅಪಾಯವಿದೆ. ‘ದೀಪದ ಬುಡದಲ್ಲಿ ಕತ್ತಲೆ’ ಎಂಬ ಗಾದೆಯನ್ನು ನಾವು ನಿಂದೆಗಾಗಿ ಬಳಸುತ್ತೇವೆ. ದೀಪಕ್ಕೆ ತನ್ನ ಬುಡ ಕಾಣುವುದಿಲ್ಲವೆಂಬುದೂ ಅದರ ಅರ್ಥದಲ್ಲಿ ಸೇರಿದೆ.

ಮೂರನೆಯದಾಗಿ, ಮಗನ ಹೊಣೆಯೂ ಇದೆ. ಹರಿಲಾಲನ ಆಸೆ ಮುರಿದುದು ತಂದೆಯಿಂದ. ಆದರೆ ಮುರಿದ ಆಸೆಯನ್ನು ಮೂವತ್ತೇಳು ವರ್ಷ ಹೊತ್ತು ತಿರುಗಿದವನು ಅವನೇ. ತಂದೆಯನ್ನು ನೋಯಿಸುವುದೇ ಬಾಳಿನ ಕೆಲಸವಾದರೆ ಆ ಬಾಳು ತಂದೆಯ ಕೈಯಲ್ಲೇ ಉಳಿದಂತಾಯಿತು. ಅವನ ತಮ್ಮ ಮಣಿಲಾಲನಿಗೂ ಕ್ರಮವಾದ ಶಾಲೆ ಸಿಕ್ಕಲಿಲ್ಲ. ಅವನು ದಕ್ಷಿಣ ಆಫ್ರಿಕದಲ್ಲಿ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯ ಸಂಪಾದಕನಾಗಿ 1956ರಲ್ಲಿ ತೀರಿಕೊಳ್ಳುವವರೆಗೆ ದುಡಿದನು.

ನಾಲ್ಕನೆಯದಾಗಿ, ಮಾತು ನಿಂತ ಮನೆಗೆ ಕಾನೂನು ಮಾಡಬಲ್ಲ ಸಹಾಯ ಮಿತವಾದುದು. 2007ರಲ್ಲಿ ನಮ್ಮ ಸಂಸತ್ತು ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಒಂದು ಅಧಿನಿಯಮವನ್ನು ಮಾಡಿತು. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಟ್ಟು, ತಮ್ಮನ್ನು ನೋಡಿಕೊಳ್ಳದ ಮಕ್ಕಳಿಂದ ಹಿರಿಯರು ಜೀವನಾಂಶ ಪಡೆಯಬಹುದು. ವಿಚಾರಣೆಗೆ ಮುಂಚೆ ಸಂಧಾನಕ್ಕೆ ಕಳುಹಿಸುವ ಅವಕಾಶವನ್ನೂ ಆ ಅಧಿನಿಯಮ ಇರಿಸಿದೆ. ಅನ್ನವಿಲ್ಲದ ಮುಪ್ಪಿಗೆ ಇದು ದೊಡ್ಡ ಆಸರೆ, ಸಂದೇಹವಿಲ್ಲ. ಆದರೆ ನಮ್ಮಂಥ ಎಷ್ಟೋ ಮನೆಗಳಲ್ಲಿ ಹಣ ಬರುತ್ತಲೇ ಇದೆ, ಬಾರದಿರುವುದು ಮಾತು. ಅದನ್ನು ಯಾವ ನ್ಯಾಯಮಂಡಳಿಯೂ ವಸೂಲು ಮಾಡಿಕೊಡಲಾರದು.

ಕೊನೆಯದಾಗಿ, ಈ ಸಂಚಿಕೆಯನ್ನು ಓದುವ ನನ್ನ ಸಹಪಾಠಿಗಳಲ್ಲಿ ಒಂದು ವಿಜ್ಞಾಪನೆ. ನಮ್ಮ ಕಾಲೇಜಿನಲ್ಲಿ ನನ್ನಂತೆ ಮನೆಗೆ ಮೊದಲಿಗರಾಗಿ ಓದಲು ಬಂದವರು ಬಹಳ ಮಂದಿ ಇದ್ದೇವೆ. ನಮ್ಮಲ್ಲಿ ಅನೇಕರ ಹಿಂದೆ ಓದದೆ ಉಳಿದ ಒಬ್ಬ ಅಣ್ಣನೋ ಅಕ್ಕನೋ ಇರುತ್ತಾರೆ. ಪದವಿಯ ದಿನ ನಾವು ತಂದೆತಾಯಿಗಳ ಕಾಲಿಗೆ ನಮಸ್ಕರಿಸುತ್ತೇವೆ, ಅದು ಸರಿಯಾದುದೇ. ಆ ಅಣ್ಣನನ್ನೋ ಅಕ್ಕನನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಅಂದು ನಿನ್ನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುವುದೂ ನಮ್ಮ ಕೆಲಸ. ಅವರು ಹೇಳಿದುದನ್ನು ತಂದೆಗೆ ಮುಟ್ಟಿಸುವುದು, ತಂದೆ ಹೇಳದೆ ನುಂಗಿಕೊಂಡ ಮೆಚ್ಚುಗೆಯನ್ನು ಅವರಿಗೆ ಮುಟ್ಟಿಸುವುದು, ಎರಡು ಕಡೆಯ ಭಾಷೆಯನ್ನೂ ಬಲ್ಲ ನಮಗೆ ಸಾಧ್ಯ. ಅಪ್ಪನ ‘ಅವನು ಗಟ್ಟಿಗ’ ಎಂಬ ಮಾತನ್ನು ನಾನು ಅಣ್ಣನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ಈ ಸಲ ಹೊಲಕ್ಕೆ ಏನು ಬಿತ್ತಿದ್ದಾರೆ ಎಂದು ಕೇಳಿದ.